ಅಕ್ಕನ ಎರಡನೇ ಜ್ವರ

ಹೊಸನಗರದ ಬಸ್ ನಿಲ್ದಾಣದ ಹತ್ತಿರ ನನ್ನ ಅಕ್ಕ ಸಣ್ಣದೊಂದು ಹೋಟೆಲು ನಡೆಸುತ್ತಿದ್ದಳು. ಮದುವೆಯಾಗಿರಲಿಲ್ಲ. ಅರವತ್ತು ದಾಟಿದ ಮೇಲೂ ಇಡ್ಲಿ ಹಿಟ್ಟು ಅವಳೇ ರುಬ್ಬಬೇಕು, ಬೇರೆಯವರು ಮುಟ್ಟಿದರೆ ಸಿಡುಕು. ಪಕ್ಕದ ಮನೆಯಲ್ಲಿ ತಮ್ಮನ ಸಂಸಾರ. ಸಾಗರದಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದ ನಾನು ಆಗಾಗ ಹೋಗಿ ಬರುತ್ತಿದ್ದೆ.

ಆ ವರ್ಷ ಅಕ್ಕ ಸಾಂಬಾರಿಗೆ ಎರಡು ಸಲ ಉಪ್ಪು ಹಾಕುವುದು, ಚಹಾ ಕುಡಿದವರ ಮುಂದೆ ಇನ್ನೊಂದು ಲೋಟ ತಂದಿಡುವುದು ಶುರುವಾಗಿತ್ತು. ಹೇಳಿದರೆ ನಗುತ್ತಿದ್ದಳು. ನಾವೂ ನಗುತ್ತಿದ್ದೆವು.

ಚಳಿ ಕಳೆಯುವ ಹೊತ್ತಿಗೆ ಕಾಡಂಚಿನಿಂದ ಸೌದೆ ತಂದವಳ ಕಾಲಿಗೆ ಉಣುಗು ಕಚ್ಚಿಕೊಂಡಿದ್ದವು. ರಕ್ತ ಕುಡಿದು ಉಬ್ಬಿದ್ದ ಅವನ್ನು ಕಿತ್ತು ಒಲೆಗೆ ಹಾಕಿದೆನೆಂದು ಫೋನಿನಲ್ಲಿ ಹೇಳಿದಳು. ಅದಾಗಿ ಸ್ವಲ್ಪ ದಿನಕ್ಕೆ ವಿಪರೀತ ಜ್ವರ, ಮೈಕೈ ನೋವು. ಮೆಡಿಕಲ್ ಶಾಪಿನ ಮಾತ್ರೆ ನುಂಗಿದಳು. ಜ್ವರ ಬಿಟ್ಟಿತು, ಹೋಟೆಲಿನ ಬಾಗಿಲು ತೆರೆದಳು. ಮತ್ತೆ ಜ್ವರ ಮರಳಿತು. ಈ ಸಲ ಅಕ್ಕ ಅಕ್ಕನಾಗಿ ಉಳಿಯಲಿಲ್ಲ.

ನಾನು ಹೋದಾಗ ಕೋಣೆಯ ಬಾಗಿಲಲ್ಲೇ ವಾಂತಿ, ಉಚ್ಚೆ, ಫಿನಾಯಿಲ್ ಕಲೆತ ವಾಸನೆ ಮೂಗಿಗೆ ಬಡಿಯಿತು. ಹಾಸಿಗೆ ಬದಲಿಸಿರಲಿಲ್ಲ. ಅವಳ ಗಲ್ಲದ ಮೇಲೆ ಒಣಗಿದ ಗಂಜಿ, ಗಂಜಿಯ ಮೇಲೆ ನೊಣ. ಕೈ ನಡುಗುತ್ತಿತ್ತು. ಗೋಡೆ ನೋಡುತ್ತಾ ಯಾರಿಗೋ ದೋಸೆ ಮಗುಚಲು ಹೇಳುತ್ತಿದ್ದಳು. ಆ ವಾಸನೆಗಿಂತ ಹೆಚ್ಚು ಹೇಸಿಗೆಯಾದದ್ದು ಸುತ್ತ ನಿಂತವರನ್ನು ಕಂಡು. ನೋಡಲು ಬಂದವರಿಗೆಲ್ಲ ತಮ್ಮ ಅವಳ ಪರೀಕ್ಷೆ ಮಾಡಿ ತೋರಿಸುತ್ತಿದ್ದ.

“ಅಕ್ಕ, ಇವ್ರು ಯಾರು ಹೇಳು ನೋಡಾಣ?”

ಬಂದಿದ್ದವರು ನಮ್ಮ ದೂರದ ಭಾವ. ಅಕ್ಕ ಅವರನ್ನು ಸತ್ತುಹೋದ ಅಜ್ಜಿಯೆಂದಳು. ಮೂಗಿಗೆ ಕರವಸ್ತ್ರ ಹಿಡಿದವರು ಅದರೊಳಗೇ ನಕ್ಕರು. ತಮ್ಮನ ಹೆಂಡತಿ ಅದನ್ನು ಮೊಬೈಲಿನಲ್ಲಿ ಹಿಡಿದು ನೆಂಟರ ಗ್ರೂಪಿಗೆ ಹಾಕಿದಳು. ನನ್ನ ಫೋನಿಗೂ ಬಂತು. ಕೆಳಗೆ ಕೈಮುಗಿದ ಚಿತ್ರಗಳು, ನಡುವೆ ಒಂದೆರಡು ನಗುವ ಮುಖಗಳು. ಇಂಥವರ ಜೊತೆ ಒಂದೇ ಪಂಕ್ತಿಯಲ್ಲಿ ಇಷ್ಟು ವರ್ಷ ಕೂತು ಉಂಡೆನಲ್ಲ ಎನಿಸಿ ಬಾಯಿ ಕಹಿಯಾಯಿತು.

ತಮ್ಮ ಆಗಲೇ ತೀರ್ಮಾನಿಸಿಬಿಟ್ಟಿದ್ದ. ಡಿಮೆನ್ಷಿಯಾ, ಮರೆವಿನ ಕಾಯಿಲೆ ಅಂತೆ, ಡಾಕ್ಟರೇ ಹೇಳಿದರಂತೆ. ವಿಚಾರಿಸಿದರೆ, ಹತ್ತಿರದ ಕ್ಲಿನಿಕ್ಕಿನವರು ಕುರ್ಚಿಯಿಂದ ಏಳದೆ, ಅಕ್ಕನ ಮೈ ಮುಟ್ಟದೆ, ಮೊದಲೇ ಮರೆವಿತ್ತು ಎಂದು ಕೇಳಿದ್ದೇ ತಡ ವಯಸ್ಸಿನ ಕಾಯಿಲೆ ಎಂದು ಕಳಿಸಿದ್ದರು. ಜ್ವರದ ಮಾತನ್ನು ಇವನೂ ಎತ್ತಿರಲಿಲ್ಲ, ಅವರೂ ಕೇಳಿರಲಿಲ್ಲ.

“ಇನ್ನೆಂತ ಆಸ್ಪತ್ರೆ? ವಾಸಿಯಾಗೋ ಕಾಯಿಲೆ ಅಲ್ಲ ಅದು,” ಎಂದ ತಮ್ಮ.

“ಮೈ ಕೆಂಡ ಆಗಿದೆ. ಮುಟ್ಟಿ ನೋಡಿದ್ಯಾ?” ಎಂದೆ.

ಅವನು ಆಗಲೂ ಮುಟ್ಟಲಿಲ್ಲ. ಮುಟ್ಟದ ಕೈಯನ್ನೇ ಲುಂಗಿಗೆ ಒರೆಸಿಕೊಂಡ.

ಅವಳನ್ನು ತೊಳೆದು, ಸೀರೆ ಉಡಿಸಿ, ಬಾಡಿಗೆ ಕಾರಿನಲ್ಲಿ ತೀರ್ಥಹಳ್ಳಿಯ ಆಸ್ಪತ್ರೆಗೆ ಕರೆದೊಯ್ದೆ. ದಾರಿಯಲ್ಲಿ ನನ್ನ ಮಡಿಲಿಗೇ ವಾಂತಿ ಮಾಡಿದಳು. ಡ್ರೈವರ್ ಕಿಟಕಿ ಇಳಿಸಿ, ನೀರಿನ ಬಾಟಲಿ ಹಿಂದಕ್ಕೆ ಚಾಚಿದ. ಅಲ್ಲಿದ್ದ ವೈದ್ಯೆ ಮೊದಲು ಕೇಳಿದ್ದು, ಇವರು ಕಾಡಿಗೆ ಹೋಗಿದ್ದರಾ ಎಂದು. ರಕ್ತ ಪರೀಕ್ಷೆಯಲ್ಲಿ ಮಂಗನ ಕಾಯಿಲೆ ಎಂದು ಗೊತ್ತಾಯಿತು. ಉಣುಗಿನಿಂದ ಬಂದ ವೈರಸ್ಸು ಕೆಲವರಿಗೆ ಎರಡನೇ ಸಲದ ಜ್ವರದಲ್ಲಿ ಮಿದುಳಿಗೂ ತಾಗಿ ಬುದ್ಧಿ ಕದಡುತ್ತದೆ, ಆ ಸ್ಥಿತಿಯಲ್ಲಿ ನೋಡಿ ಮರೆವಿನ ಕಾಯಿಲೆ ಎಂದು ಹಣೆಪಟ್ಟಿ ಹಚ್ಚಬಾರದು, ಪೂರ್ತಿ ಚೇತರಿಸಿಕೊಂಡ ಮೇಲೆ ಪರೀಕ್ಷಿಸಬೇಕು ಎಂದು ಆಕೆ ಬಿಡಿಸಿ ಹೇಳಿದರು.

ಜ್ವರ ಇಳಿಯಿತು. ಒಂದು ಬೆಳಗ್ಗೆ ಅಕ್ಕ ಆಸ್ಪತ್ರೆಯ ಉಪ್ಪಿಟ್ಟು ಬಾಯಿಗಿಟ್ಟು ಉಗಿದಳು. “ಇದನ್ನ ನಾಯಿಗೂ ಹಾಕ್ಬೇಡ,” ಎಂದಳು. ಎಷ್ಟೋ ದಿನಗಳ ಮೇಲೆ ನಾನು ನಕ್ಕೆ.

ಆದರೆ ಅವಳು ಮೊದಲಿನಂತಾಗಲಿಲ್ಲ. ಸಾಗರದ ನನ್ನ ಮನೆಗೆ ಕರೆತಂದೆ. ಸ್ನಾನದ ಮನೆಯ ದಾರಿ ತಪ್ಪುತ್ತಿತ್ತು. ಒಲೆ ಹಚ್ಚಿದ್ದು ನೆನಪಿರುತ್ತಿರಲಿಲ್ಲ. ಮಳೆಗಾಲ ಮುಗಿದ ಮೇಲೆ ಮಾಡಿಸಿದ ಪರೀಕ್ಷೆಗಳಲ್ಲಿ ಮರೆವಿನ ಕಾಯಿಲೆ ನಿಜಕ್ಕೂ ಇರುವುದು ತಿಳಿಯಿತು. ಮೊದಲೇ ಮೆಲ್ಲಗೆ ಶುರುವಾಗಿದ್ದಿರಬೇಕು, ಸೋಂಕು ಅದನ್ನು ಜೋರಾಗಿ ಮುಂದಕ್ಕೆ ತಳ್ಳಿರಬಹುದು, ಖಚಿತವಾಗಿ ಹೇಳಲು ಬರುವುದಿಲ್ಲ ಎಂದರು ವೈದ್ಯರು.

ಸುದ್ದಿ ತಿಳಿದ ತಮ್ಮ ಫೋನ್ ಮಾಡಿದ.

“ನಾ ಅವತ್ತೇ ಹೇಳಿರ್ಲಿಲ್ವಾ?”

ದನಿಯಲ್ಲಿ ಗೆದ್ದವನ ಖುಷಿ. ಯಾರೋ ಎಂಜಲು ಕೈಯನ್ನು ನನ್ನ ಮೈಗೆ ಒರೆಸಿದಂತಾಯಿತು. ಆವತ್ತು ಆ ಕೋಣೆಯಲ್ಲೇ ಬಿಟ್ಟಿದ್ದರೆ ಇವತ್ತು ಪರೀಕ್ಷೆ ಮಾಡಿಸಲು ಅವಳೇ ಇರುತ್ತಿರಲಿಲ್ಲ ಎಂಬ ಮಾತು ಬಾಯಿಯವರೆಗೆ ಬಂತು. ಅವನಿಗೆ ಅದನ್ನು ಹೇಳಲೂ ಅಸಹ್ಯವಾಗಿ ಫೋನಿಟ್ಟೆ. ಅಕ್ಕನ ಸ್ನಾನಕ್ಕೆ ನೀರು ಕಾದಿತ್ತು. ಒಳಗೆ ಹೋಗಿ ಅವಳ ಜಡೆ ಬಿಚ್ಚತೊಡಗಿದೆ.