ದೂಜನಿಗೆ ಇಡದ ಎಲೆ

ಮುಂಬಯಿಯ ಸಾಂತಾಕ್ರೂಜ್ ಪೂರ್ವದ ಒಂದು ಚಾಳಿನ ಕೊನೆಯ ಖೋಲಿಯಲ್ಲಿ ದೀಪಾವಳಿಯ ಅಮಾವಾಸ್ಯೆಯಂದು ಸತ್ತವರಿಗೆ ಎಲೆ ಬೀಳುತ್ತದೆ. ಅಂಗಾರ ಪೂಜಾರಿಯ ತಾಯಿ ವಾರಿಜಾ ಮಾಟುಂಗ ಮಾರ್ಕೆಟ್ಟಿನಿಂದ ತರಿಸಿದ ಬಾಳೆಲೆಗಳನ್ನು ಗೋಡೆಯುದ್ದಕ್ಕೂ ಹಾಕಿ, ಮಾವನಿಗೆ ಬಂಗುಡೆ ಸಾರು, ಅತ್ತೆಗೆ ಕೆಸುವಿನ ಪತ್ರೊಡೆ, ಗಂಡ ಕೊರಗ ಪೂಜಾರಿಗೆ ಕೋಳಿ ಸುಕ್ಕ ಎಂದು ಅವರವರ ಇಷ್ಟದ್ದನ್ನು ಬಡಿಸುತ್ತಾಳೆ. ಆಮೇಲೆ ಬಾಗಿಲು ಎಳೆದುಕೊಂಡು ಮನೆಯವರನ್ನೆಲ್ಲ ಸ್ವಲ್ಪ ಹೊತ್ತು ಹೊರಗಿನ ಗ್ಯಾಲರಿಯಲ್ಲಿ ನಿಲ್ಲಿಸುತ್ತಾಳೆ. ಸತ್ತವರು ನಾಚಿಕೆಯಿಲ್ಲದೆ ಉಣ್ಣಲಿ ಎಂದು. ಇದ್ದಾಗ ಕುಡಿದು ಬಂದು ಎಲ್ಲರ ಮಾನ ಹರಾಜು ಹಾಕಿದ ದೊಡ್ಡಪ್ಪನಿಗೂ ಆ ಸಾಲಿನಲ್ಲಿ ಜಾಗ ಇದೆ. ಜಾಗ ಇಲ್ಲದಿರುವುದು ಒಬ್ಬನಿಗೆ ಮಾತ್ರ, ಅವಳ ಹಿರಿಯ ಮಗ ದೂಜನಿಗೆ.

ಅಣ್ಣನಿಗೂ ಒಂದು ಎಲೆ ಬೇಕು ಎನ್ನುವುದು ಅಂಗಾರನ ಆಸೆ. ದೊಡ್ಡ ಆಸೆಯೇನಲ್ಲ. ಆದರೂ ತಲೆ ನರೆಯುವವರೆಗೆ ಅದನ್ನು ಎರಡನೇ ಸಲ ಬಾಯಿಬಿಟ್ಟು ಕೇಳಲು ಅವನಿಗೆ ಆಗಲಿಲ್ಲ. ಮೊದಲನೇ ಸಲ ಕೇಳಿದ್ದು ಚಿಕ್ಕವನಿದ್ದಾಗ. "ಪೂಜೆಗಿಟ್ಟದ್ದನ್ನು ಮುಟ್ಟಿ ಸತ್ತವನಿಗೆ ಎಲೆ ಇಲ್ಲ" ಎಂದಿದ್ದಳು ವಾರಿಜಾ. ಅಪ್ಪ ತಟ್ಟೆಯಿಂದ ತಲೆಯೆತ್ತಿರಲಿಲ್ಲ. ಅಲ್ಲಿಗೆ ಆ ಹೆಸರು ಆ ಮನೆಯಿಂದ ಎದ್ದುಹೋಯಿತು.

ಆ ಕಾಲದಲ್ಲಿ ಕೊರಗ ಪೂಜಾರಿ ಸ್ಟೇಶನ್ ಹತ್ತಿರದ ಹೋಟೆಲಿನಲ್ಲಿ ದೋಸೆಕಲ್ಲಿನ ಮುಂದೆ ನಿಲ್ಲುತ್ತಿದ್ದ. ಆದರೆ ಫ್ಯಾನು ನಿಂತರೂ, ಗ್ರೈಂಡರ್ ಮುನಿಸಿಕೊಂಡರೂ ಧಣಿ ಕೂಗುತ್ತಿದ್ದದ್ದು ಅವನನ್ನೇ. ಯಾರ ಹತ್ತಿರವೂ ಕಲಿತ ವಿದ್ಯೆಯಲ್ಲ ಅದು. ಕಿವಿಯ ಮೇಲೊಂದು ಟೆಸ್ಟರ್ ಸಿಕ್ಕಿಸಿಕೊಂಡು, ವೈರಿನ ತುದಿಯನ್ನು ಹಲ್ಲಿನಿಂದಲೇ ಸುಲಿದು, ಪ್ಲಗ್ಗಿಲ್ಲದಿದ್ದರೆ ಸಾಕೆಟ್ಟಿನ ತೂತಿಗೆ ನೇರ ತುರುಕಿ ಬೆಂಕಿಕಡ್ಡಿ ಬಿಗಿದು ಓಡಿಸುವ ಜಾಣತನ. ಮುಂಬಯಿಯ ಅರ್ಧ ಹೋಟೆಲುಗಳು ಆಗ ಅಂಥ ಬೆಂಕಿಕಡ್ಡಿಗಳ ಮೇಲೆಯೇ ನಡೆಯುತ್ತಿದ್ದವು. ಕೊರಗನಿಗೆ ಅದರ ಗತ್ತೂ ಇತ್ತು. ದೋಸೆ ಯಾರೂ ಹೊಯ್ಯಬಹುದು, ಕರೆಂಟು ಎಲ್ಲರ ಮಾತು ಕೇಳುವುದಿಲ್ಲ ಎನ್ನುತ್ತಿದ್ದ.

ಹೋಟೆಲಿನ ಪಕ್ಕದ ಗೋಡೌನನ್ನು ಧಣಿ ಗೇಮ್ ಪಾರ್ಲರ್ ಮಾಡಿದಾಗ, ಬಂದರಿನ ಹಳೆ ಸಾಮಾನಿನ ಹರಾಜಿನಿಂದ ಒಂದು ಪಿನ್‌ಬಾಲ್ ಮಿಷನ್ ಬಂತು. ಯಾವುದೋ ವಿಲಾಯತಿ ಹಡಗಿನಲ್ಲಿ ಖಲಾಸಿಗಳು ಆಡಿ ಬಿಟ್ಟದ್ದು. ಕಬ್ಬಿಣದ ಕಾಲು, ಇಳಿಜಾರಾದ ಗಾಜು, ಎದುರಿನ ಹಲಗೆಯಲ್ಲಿ ಹುಲಿಯ ಮೇಲೆ ಕೂತ ಸರ್ಕಸ್ ಹೆಂಗಸು. ಅದರ ಪ್ಲಗ್ಗಿನ ಚೌಕ ಮುಳ್ಳುಗಳು ಇಲ್ಲಿನ ಗೋಲ ತೂತಿಗೆ ಹೊಂದಲಿಲ್ಲ. ಕೊರಗ ಪ್ಲಗ್ಗನ್ನೇ ಕತ್ತರಿಸಿ ಬಿಸಾಡಿದ. ಒಳಗಿನಿಂದ ಮೂರು ವೈರು ಹೊರಟವು. ಎರಡನ್ನು ಸಾಕೆಟ್ಟಿಗೆ ತುರುಕಿ ಕಡ್ಡಿ ಬಿಗಿದ. ಮಿಷನ್ ದೀಪಾವಳಿಯಂತೆ ಹೊತ್ತಿಕೊಂಡಿತು. ಉಳಿದ ಹಸಿರು ವೈರನ್ನು ಬುಡಕ್ಕೇ ಕತ್ತರಿಸಿ ತುಂಡನ್ನು ಅಂಗಾರನ ಕೈಗೆ ಕೊಟ್ಟ. "ಇದೆಂತಕ್ಕೆ ಅಪ್ಪ?" ಎಂದರೆ "ಅದು ಎಕ್ಸ್‌ಟ್ರಾ" ಎಂದ. ಅಂಗಾರ ಅದನ್ನು ಕೈಗೆ ಸುತ್ತಿಕೊಂಡು ತಿರುಗಿದ.

ಪಾರ್ಲರ್ ತೆರೆಯುತ್ತಿದ್ದದ್ದು ಸಂಜೆಗೆ. ಮಧ್ಯಾಹ್ನ ಹೋಟೆಲಿನವರೆಲ್ಲ ಅಡ್ಡಾದಾಗ ಬೀಗದ ಕೈ ಅಪ್ಪನ ಅಂಗಿಯ ಜೇಬಿನಲ್ಲಿರುತ್ತಿತ್ತು, ಅಂಗಿ ಮೊಳೆಯ ಮೇಲಿರುತ್ತಿತ್ತು. ಅಷ್ಟು ಸಾಕಾಗಿತ್ತು ಅಣ್ಣತಮ್ಮಂದಿರಿಗೆ. ಅಂಗಾರನಿಗೆ ಗಾಜಿನವರೆಗೆ ಎತ್ತರ ಸಿಗುತ್ತಿರಲಿಲ್ಲ, ದೂಜ ಅವನಿಗೆ ಸೋಡಾ ಬಾಟಲಿಯ ಮರದ ಪೆಟ್ಟಿಗೆ ಬೋರಲು ಹಾಕಿ ಕೊಡುತ್ತಿದ್ದ. ಸ್ಪ್ರಿಂಗ್ ಎಳೆದು ಬಿಟ್ಟರೆ ಉಕ್ಕಿನ ಗುಂಡು ಮೇಲೆ ಹಾರಿ, ಗಂಟೆಗಳಿಗೆ ಡಿಕ್ಕಿ ಹೊಡೆಯುತ್ತ, ದೀಪ ಹೊತ್ತಿಸುತ್ತ ಇಳಿದು ಬರುತ್ತಿತ್ತು. ಕೆಳಗೆ, ಅಂಚಿನ ಗುಂಡಿ ಒತ್ತಿದರೆ ಬಡಿಯುವ ಎರಡು ರೆಕ್ಕೆಗಳು. ಅವುಗಳ ನಡುವೆ ಗುಂಡು ಜಾರಿದರೆ ಆಟ ಮುಗಿಯಿತು. ದೂಜ ಜಾರಲು ಬಿಡುತ್ತಿರಲಿಲ್ಲ. ಸೊಂಟದಿಂದ ಮಿಷನ್ನಿಗೆ ಹಗುರ ಗುದ್ದು ಕೊಟ್ಟು ಗುಂಡಿನ ದಾರಿ ತಪ್ಪಿಸುತ್ತಿದ್ದ. ಗುದ್ದು ಹೆಚ್ಚಾದರೆ ಮಿಷನ್ ಸಿಟ್ಟಾಗಿ ದೀಪ ಆರಿಸಿಬಿಡುತ್ತಿತ್ತು, ಕಡಿಮೆಯಾದರೆ ಗುಂಡು ಹೋಗುತ್ತಿತ್ತು. ಶಾಲೆಯಲ್ಲಿ ಯಾವುದಕ್ಕೂ ಲೆಕ್ಕಕ್ಕಿಲ್ಲದ ಹುಡುಗನಿಗೆ ಆ ಹದ ಮಾತ್ರ ಹೇಗೆ ಸಿಕ್ಕಿತ್ತೋ. ಕಾಲೇಜಿನ ಹುಡುಗರು ಸಂಜೆ ಅವನ ಸುತ್ತ ನಿಂತು ನೋಡುತ್ತಿದ್ದರು.

ಮಳೆಗಾಲದಲ್ಲಿ ಮಿಷನ್ ಕಚ್ಚುತ್ತಿತ್ತು. ಹಾಗೆ ಹೇಳುತ್ತಿದ್ದವನೂ ದೂಜನೇ. ಅಂಚಿನ ಕಬ್ಬಿಣದ ಪಟ್ಟಿಗೆ ಮಣಿಕಟ್ಟು ತಾಗಿದರೆ ಜುಮ್ಮೆನ್ನುತ್ತಿತ್ತಂತೆ. "ಇದಕ್ಕೆ ಜೀವ ಉಂಟು ಮಾರಾಯ" ಎಂದು ನಗುತ್ತಿದ್ದ. ಪೆಟ್ಟಿಗೆಯ ಮೇಲೆ ನಿಂತ ಅಂಗಾರನಿಗೆ ಅದು ಒಂದು ದಿನವೂ ಕಚ್ಚಲಿಲ್ಲ. ತನ್ನನ್ನು ಅದು ಲೆಕ್ಕಕ್ಕೇ ಇಟ್ಟಿಲ್ಲವೆಂದು ಅವನಿಗೆ ಬೇಸರವಾಗುತ್ತಿತ್ತು.

ಆಯುಧ ಪೂಜೆಯ ದಿನ ಹೋಟೆಲಿನ ಗ್ರೈಂಡರು, ತಕ್ಕಡಿ, ಈಳಿಗೆಮಣೆ ಎಲ್ಲಕ್ಕೂ ಸ್ನಾನ. ಪಾರ್ಲರಿನ ನೆಲಕ್ಕೆ ಕೊಡಗಟ್ಟಲೆ ನೀರು ಸುರಿದು ತೊಳೆದರು. ಪಿನ್‌ಬಾಲನ್ನೂ ಒದ್ದೆ ಬಟ್ಟೆಯಲ್ಲಿ ಒರೆಸಿ, ಕುಂಕುಮ ಹಚ್ಚಿ, ಚೆಂಡುಹೂವಿನ ಹಾರ ಹಾಕಿದರು. ಚಂದ ಕಾಣಲಿ ಎಂದು ಧಣಿ ದೀಪ ಹೊತ್ತಿಸಿಯೇ ಇಡಲು ಹೇಳಿದ. ದೂಜನ ರಬ್ಬರ್ ಚಪ್ಪಲಿಯೂ ಸೇರಿ ಚಪ್ಪಲಿಗಳೆಲ್ಲ ಹೊಸ್ತಿಲಾಚೆ. ಪೂಜೆಗಿಟ್ಟ ಆಯುಧವನ್ನು ಆ ದಿನ ಯಾರೂ ಮುಟ್ಟಬಾರದು, ಅದು ಅವುಗಳ ವಿಶ್ರಾಂತಿಯ ದಿನ. ಕೊರಗ ಮಕ್ಕಳಿಬ್ಬರನ್ನೂ ನಿಲ್ಲಿಸಿ ಇದನ್ನು ಹೇಳಿದ್ದ. ದೊಡ್ಡವರು ಕುಂಬಳಕಾಯಿ ಒಡೆಯಲು ರಸ್ತೆಗೆ ಹೋದಾಗ ದೂಜ ತಮ್ಮನ ಕಡೆ ತಿರುಗಿ "ಒಂದೇ ಬಾಲ್" ಎಂದ.

ಬರಿಗಾಲಲ್ಲಿ, ಒದ್ದೆ ನೆಲದ ಮೇಲೆ ನಿಂತು ಅವನು ಸ್ಪ್ರಿಂಗ್ ಎಳೆದ. ಎರಡೂ ಕೈ ಅಂಚಿಗೆ ಹೋದವು. ಗುಂಡು ಮೇಲೆ ಹೋಗಿ, ಎಲ್ಲ ಗಂಟೆ ಬಾರಿಸಿ, ನಿಧಾನ ಇಳಿದು ರೆಕ್ಕೆಗಳ ನಡುವೆ ಜಾರಿತು. ದೂಜ ತಡೆಯಲಿಲ್ಲ. ಗುಂಡು ಹೋದ ಮೇಲೂ ಕೈ ಬಿಡಲಿಲ್ಲ. ಬಾಗಿಲಲ್ಲಿ ನಿಂತಿದ್ದ ಅಂಗಾರ, ಅಣ್ಣ ಯಾವುದೋ ಹೊಸ ಪಟ್ಟು ಹಾಕುತ್ತಿದ್ದಾನೆಂದು ನೋಡುತ್ತಲೇ ನಿಂತ.

ಆಮೇಲೆ ಚಾಳಿಗೆ ಚಾಳೇ ನೆರೆಯಿತು. ಹೆಣದ ಬಳಿ ಕೂತು ಮೊದಲು ಆ ಮಾತು ಎತ್ತಿದವಳು ಹೆತ್ತ ತಾಯಿ. "ಪೂಜೆಗಿಟ್ಟದ್ದನ್ನು ಮುಟ್ಟಿದ. ಹೋದ. ಅವನದೇ ತಪ್ಪು." ಜನಕ್ಕೇನು, ಕಾರಣವೊಂದು ಸಿಕ್ಕಿದರೆ ನೆಮ್ಮದಿಯಿಂದ ಮನೆಗೆ ಹೋಗಿ ಉಣ್ಣುತ್ತಾರೆ. ಅವರೂ ಹೌದೆಂದರು. ಧಣಿ ಮಿಷನನ್ನು ಗುಜರಿಗೆ ಹಾಕಿ ಕೈ ತೊಳೆದುಕೊಂಡ. ಕೊರಗ ಟೆಸ್ಟರ್ ಎಲ್ಲಿಟ್ಟನೋ, ಮತ್ತೆ ಅವನ ಕಿವಿಯ ಮೇಲೆ ಅದು ಕಾಣಲಿಲ್ಲ. ಮನೆಯ ಬಲ್ಬು ಹೋದರೂ ಪಕ್ಕದ ಖೋಲಿಯವರನ್ನು ಕರೆಯುತ್ತಿದ್ದ. ಮುದುಕನಾಗಿ, ಕೆಮ್ಮಿ ಕೆಮ್ಮಿ, ಹೆಚ್ಚು ಮಾತಾಡದೆ ಸತ್ತ. ದುಃಖ ಮನುಷ್ಯನನ್ನು ಹಾಗೆ ಮಾಡುತ್ತದೆ ಎಂದುಕೊಂಡಿದ್ದ ಅಂಗಾರ. ತಾಯಿಯ ಮೇಲೆ ಮಾತ್ರ ಅವನಿಗೆ ಒಳಗೊಳಗೇ ಸಿಟ್ಟಿತ್ತು. ಎಂಥ ಕಲ್ಲು ಹೆಂಗಸು ಎಂದು ಊಟಕ್ಕೆ ಕೂತಾಗಲೆಲ್ಲ ಅನ್ನಿಸುತ್ತಿತ್ತು. ಆದರೂ ಅವಳು ಬಡಿಸಿದ್ದನ್ನೇ ಉಂಡು ದೊಡ್ಡವನಾದ, ಅದೇ ಧಣಿಯ ಮನೆಯವರ ಹೋಟೆಲಿನಲ್ಲಿ ಅಡುಗೆಮನೆ ನೋಡಿಕೊಳ್ಳುವವನಾದ.

ಈ ವರ್ಷ ಆ ಧಣಿಯ ಮೊಮ್ಮಗ ಹಿತೇಶ್ ಪವಾಯಿಯಲ್ಲಿ ಒಂದು ಕೆಫೆ ತೆರೆಯಲು ಹೊರಟ. ಆಯುಧ ಪೂಜೆಗೇ ಉದ್ಘಾಟನೆ. ಅಡುಗೆಮನೆ ಸಜ್ಜು ಮಾಡಲು ಅಂಗಾರ ಹಿಂದಿನ ದಿನ ಬೆಳಿಗ್ಗೆ ಹೋದ. ಗಾಜಿನ ಗೋಡೆ, ಆಚೆ ಕೆರೆ, ಮೂಲೆಯಲ್ಲಿ ಹಳೆ ಆಟದ ಮಿಷನ್ನುಗಳ ಸಾಲು. ಸಾಲಿನ ಕೊನೆಗೆ ಕಬ್ಬಿಣದ ಕಾಲಿನ ಪಿನ್‌ಬಾಲ್. ಅಂಗಾರ ಒಂದು ಹೆಜ್ಜೆ ಹಿಂದೆ ಸರಿದ.

"ಫುಲ್ ವಿಂಟೇಜ್, ಅಂಗಾರಣ್ಣ" ಎಂದ ಹಿತೇಶ್. "ನಿಮ್ಮ ಟೈಮಿಂದು. ಬಚ್‌ಪನ್ ಮೇ ಖೇಲಾ ಹೋಗಾ ನಾ, ಚಿಕ್ಕವರಿದ್ದಾಗ? ಒಂದು ಗೇಮ್ ಆಡಿ, ಟೆಸ್ಟಿಂಗ್."

ಹುಡುಗನಿಗೆ ಏನೂ ಗೊತ್ತಿರಲಿಲ್ಲ. ಅವನ ಮನೆಯಲ್ಲಿ ಯಾರು ಹೇಳುತ್ತಾರೆ? "ನನಗೆ ಬರುವುದಿಲ್ಲ" ಎಂದ ಅಂಗಾರ. ಹಿತೇಶ್ ಫೋನು ಹಿಡಿದು ಆಚೆ ಹೋದ.

ಮಿಷನ್ನಿನ ಹಿಂದೆ ಕೂತು ವೈರಿಂಗ್ ಮಾಡುತ್ತಿದ್ದ ಶರಣಬಸಪ್ಪ ಕಲಬುರಗಿ ಕಡೆಯವನು. ಅಂಗಾರ ಹಿಂದೆ ಹಿಂದೆ ಸರಿಯುವುದನ್ನು ನೋಡಿ ನಕ್ಕ. "ಅಂಜಬ್ಯಾಡ್ರಿ ಅಣ್ಣಾರ. ಅರ್ಥಿಂಗ್ ಕೊಟ್ಟೀನಿ. ಈ ಹಸಿರ ವಾಯರ್ ಅದಲ್ರಿ, ಇದೊಂದಿದ್ರ ಬರಿಗಾಲಾಗ ನಿಂತು ಹಿಡದ್ರೂ ಏನಾಗಂಗಿಲ್ಲ."

ಅಂಗಾರ ಆ ಹಸಿರನ್ನೇ ನೋಡಿದ. "ಇಲ್ಲದಿದ್ದರೆ?"

"ಇಲ್ಲಂದ್ರ ಒಳಗ ಲೀಕಾದ ಕರೆಂಟ್ ಮನಶ್ಯಾನ ಮೈಯಾಗ ಹಾದು ನೆಲಕ್ಕ ಹೋಗ್ತದ್ರಿ. ನೆಲ ಹಸಿ ಇತ್ತಂದ್ರ ಮುಗೀತು. ಹಿಡದ ಕೈ ಬಿಡಂಗಿಲ್ಲ."

ಅಂಗಾರ ಕುರ್ಚಿ ಹುಡುಕಿ ಕೂತ. ಎಕ್ಸ್‌ಟ್ರಾ ಎಂದಿದ್ದ ಅಪ್ಪ. ಆ ತುಂಡನ್ನು ಕೈಗೆ ಬಳೆ ಹಾಗೆ ಸುತ್ತಿಕೊಂಡು ತಾನು ಚಾಳಿಡೀ ತಿರುಗಿದ್ದ. ಮರದ ಪೆಟ್ಟಿಗೆ ತನ್ನನ್ನು ಕಾಯಿತು, ರಬ್ಬರ್ ಚಪ್ಪಲಿ ಅಣ್ಣನನ್ನು ಅಲ್ಲಿಯವರೆಗೆ ಕಾಯಿತು. ದೇವಿ ಯಾವ ಹುಡುಗನ ಮೇಲೂ ಮುನಿದಿರಲಿಲ್ಲ. ಹಾಗಾದರೆ ದೂಜನಿಗೆ ಎಲೆ ಬೇಕೇ ಬೇಕು, ಈ ವರ್ಷವೇ ಬೇಕು ಎಂದು ಅವನಿಗೆ ಅನ್ನಿಸಿತು.

ಅಂಧೇರಿಯಿಂದ ಲೋಕಲ್ ಹತ್ತಿದ ಮೇಲೆ ಇನ್ನೊಂದು ಯೋಚನೆ ಬಂದು ಕುತ್ತಿಗೆ ಹಿಡಿಯಿತು. ಮಗನ ತಪ್ಪಲ್ಲ ಎಂದರೆ ತಾಯಿ ಕೇಳುತ್ತಾಳೆ, ಮತ್ತೆ ಯಾರದ್ದು ಎಂದು. ಆಗ ಅವಳು ಅಪ್ಪನಿಗೆ ಕೋಳಿ ಸುಕ್ಕ ಬಡಿಸುವ ಎಲೆಯ ಕಡೆ ತಾನು ಬೆರಳು ತೋರಿಸಬೇಕು. ಒಬ್ಬನನ್ನು ಸಾಲಿಗೆ ಸೇರಿಸಲು ಹೋಗಿ ಇನ್ನೊಬ್ಬನನ್ನು ಎಬ್ಬಿಸಿದ ಹಾಗೆ. ಈ ವಯಸ್ಸಿನಲ್ಲಿ ಅವಳಿಗೆ ಅದನ್ನು ಮಾಡಬೇಕೇ? ಸಾಂತಾಕ್ರೂಜಿನಲ್ಲಿ ಇಳಿಯುವ ಹೊತ್ತಿಗೆ, ಅಪ್ಪನ ಹೆಸರು ಎತ್ತುವುದಿಲ್ಲ ಎಂದು ಗಟ್ಟಿಮಾಡಿಕೊಂಡ.

ವಾರಿಜಾ ಬಾಗಿಲ ಬಳಿ ಪಾತ್ರೆ ತೊಳೆಯುವ ಮೋರಿಯಲ್ಲಿ ಮೀನು ಕೊಯ್ಯುತ್ತಿದ್ದಳು. ಹೆಂಡತಿ ಮಗಳ ಬಾಣಂತನಕ್ಕೆ ಹೋಗಿದ್ದರಿಂದ ಮನೆಯಲ್ಲಿ ಇಬ್ಬರೇ. ಅಂಗಾರ ಚಪ್ಪಲಿ ಬಿಡುತ್ತ ಹೇಳಿಬಿಟ್ಟ. "ಅಮ್ಮ, ಈ ಸಲ ದೂಜನಿಗೂ ಎಲೆ ಹಾಕುವ. ಅವನದ್ದೆಂತ ತಪ್ಪಿಲ್ಲ."

ಕತ್ತಿ ನಿಂತಿತು. "ಯಾರು ಹೇಳಿದ್ದು?"

"ಯಾರೂ ಇಲ್ಲ. ನನಗೇ ಅನ್ನಿಸಿತು."

"ವೈರಿನ ವಿಷಯ ಗೊತ್ತಾಯ್ತಾ?"

ಅವಳು ಮೀನಿನ ಕೈಯನ್ನು ಸೆರಗಿಗೆ ತಾಗದಂತೆ ಎತ್ತಿ ಹಿಡಿದು ಗೋಡೆಗೆ ಒರಗಿದಳು.

"ಅವತ್ತೇ ಗೊತ್ತಿತ್ತು. ಲೈಟಿನ ಆಫೀಸಿನವ ಬಂದು ನೋಡಿದ. ಇದರ ಒಂದು ವೈರು ಯಾರು ಕಡಿದದ್ದು ಅಂತ ಕೇಳಿದ. ನಿನ್ನ ಅಪ್ಪ ಅಲ್ಲೇ ಇದ್ದರು. ಸುಮ್ಮನೆ ರೈಲಿನ ಪಟ್ರಿ ಕಡೆಗೆ ನಡೆದರು. ಗಾಡಿ ಬರುವ ಹೊತ್ತು. ಹೆಣ ಅಲ್ಲಿ ಬಿಟ್ಟು ನಾನು ಓಡಿದೆ. ಅಂಗಿ ಹಿಡಿದು ಎಳಕೊಂಡು ಬಂದೆ."

ಅವಳು ಅಳುತ್ತಿರಲಿಲ್ಲ. ಅಳುವುದೆಲ್ಲ ಯಾವಾಗಲೋ ಮುಗಿದಿರಬೇಕು.

"ತಂದು ಕೂರಿಸಿ, ಎಲ್ಲರ ಎದುರು ಹೇಳಿದೆ, ಹುಡುಗ ಪೂಜೆಗಿಟ್ಟದ್ದು ಮುಟ್ಟಿದ, ಅದಕ್ಕೆ ಹೋದ ಅಂತ. ಅವರು ನನ್ನ ಮುಖ ನೋಡಿದರು. ಮತ್ತೆ ಪಟ್ರಿಗೆ ಹೋಗಲಿಲ್ಲ. ಎಲೆ ಇಟ್ಟಿದ್ದರೆ ನಾನು ಹೇಳಿದ್ದು ಸುಳ್ಳು ಅಂತ ಅವರಿಗೆ ಗೊತ್ತಾಗ್ತಿತ್ತು. ನೀನಿದ್ದೆ. ನಿನಗೆ ಅಪ್ಪ ಬೇಕಿತ್ತು."

"ಅಪ್ಪ ಹೋದ ಮೇಲಾದರೂ ಇಡಬಹುದಿತ್ತಲ್ಲ."

"ನಿನಗೆ ಎಂತ ಹೇಳುವುದು? ಅವರಿಗೆ ಬೆಂಕಿ ಇಟ್ಟ ಕೈ ನಿನ್ನದು."

ಎಂಥ ಕಲ್ಲು ಎಂದುಕೊಂಡು ಇಷ್ಟು ಕಾಲ ಅವಳ ಕೈಯಿಂದ ಉಂಡ ತುತ್ತುಗಳೆಲ್ಲ ಅಂಗಾರನಿಗೆ ನೆನಪಾದವು. ಅವನು ತಾಯಿಯ ಪಕ್ಕ ನೆಲದ ಮೇಲೆ ಕೂತ. ಆಚೆ ಗ್ಯಾಲರಿಯಲ್ಲಿ ಯಾರೋ ಬಟ್ಟೆ ಕೊಡವುತ್ತಿದ್ದರು.

ವಾರಿಜಾ ಕತ್ತಿಯನ್ನು ಮತ್ತೆ ಎತ್ತಿಕೊಂಡು ಕೇಳಿದಳು. "ಇಡುವ ಈ ಸಲ. ಅವನಿಗೆ ಎಂತ ಇಷ್ಟ ಇತ್ತು?"

ಅಂಗಾರ ಅವಳ ಕಡೆ ತಿರುಗಿದ.

"ನನಗೆ ಮರೆತುಹೋಗಿದೆ. ನೆನೆಸಬಾರದು, ನೆನೆಸಬಾರದು ಅಂತ ಮಾಡಿ ಅದೂ ಹೋಯಿತು. ನಿನಗೆ ನೆನಪುಂಟಾ?"

ಅಂಗಾರನಿಗೆ ಸೋಡಾ ಪೆಟ್ಟಿಗೆ ನೆನಪಿತ್ತು. ಹುಲಿಯ ಮೇಲಿನ ಹೆಂಗಸು, ಸೊಂಟದ ಗುದ್ದು, ಗಂಟೆಗಳ ಸದ್ದು, "ಒಂದೇ ಬಾಲ್" ಎಂದ ಸ್ವರ, ಎಲ್ಲ ನೆನಪಿತ್ತು. ಅಣ್ಣ ಊಟಕ್ಕೆ ಕೂತದ್ದು ಮಾತ್ರ ಎಷ್ಟು ಕಣ್ಣು ಮುಚ್ಚಿದರೂ ಕಾಣಲಿಲ್ಲ. "ಇಲ್ಲ ಅಮ್ಮ" ಎಂದ.

ಅಮಾವಾಸ್ಯೆಯಂದು ವಾರಿಜಾ ಸಾಲಿನ ಕೊನೆಗೆ, ಗಂಡನ ಪಕ್ಕದಲ್ಲಿ, ಹೊಸದೊಂದು ಎಲೆ ಹಾಕಿದಳು. ಎಲ್ಲರ ಎಲೆಯಲ್ಲೂ ಅವರವರ ಇಷ್ಟದ್ದಿತ್ತು. ದೂಜನ ಎಲೆಗೆ ಅವಳು ಬರೀ ಅನ್ನ ಬಡಿಸಿ, ತುದಿಗೆ ಒಂದಿಷ್ಟು ಉಪ್ಪು ಇಟ್ಟು, ಬಾಗಿಲು ಎಳೆದುಕೊಂಡಳು.