ನೀರಿನ ಊರಿನಲ್ಲಿ ನೀರು ಬಿಟ್ಟವಳು

ಮೊದಲ ದಿನ ಶಾಲೆಯಿಂದ ಬಂದು ಸೀರೆಯ ನಿರಿಗೆ ಕೊಡವಿದರೆ ಕಾಲಿನಿಂದ ರಕ್ತ ಹರಿಯುತ್ತಿತ್ತು. ನೋವಿಲ್ಲ, ಉರಿಯಿಲ್ಲ, ಬರೀ ರಕ್ತ. ನನ್ನ ಕೂಗು ಕೇಳಿ ಮನೆಯೊಡತಿ ಚೌಡಮ್ಮ ಓಡಿ ಬಂದರು. ಮೀನಖಂಡಕ್ಕೆ ಕಚ್ಚಿಕೊಂಡು ದ್ರಾಕ್ಷಿಯಂತೆ ಉಬ್ಬಿದ್ದ ಹುಳವನ್ನು ಸುಣ್ಣ ಹಚ್ಚಿ ಉದುರಿಸಿದರು. ಇಲ್ಲಿ ಅದಕ್ಕೆ ಇಂಬಳ ಎನ್ನುತ್ತಾರೆ. ಜಿಗಣೆಯ ಜಾತಿಯದೇ, ಆದರೆ ನೀರಿನಲ್ಲಿರದೆ ಹುಲ್ಲಿನ ತುದಿಯಲ್ಲಿ ನಿಂತು ನಮ್ಮನ್ನು ಕಾಯುತ್ತದೆ. ನಮ್ಮ ಬಿಜಾಪುರದ ಕಡೆಯವರಿಗೆ ಇದು ಅಜ್ಜಿಕತೆಯಂತೆ ಕೇಳಿಸೀತು.

ಹೊಸನಗರದಿಂದ ಸಾಗರಕ್ಕೆ ಹೋಗುವ ದಾರಿಯ ಈ ಹಳ್ಳಿಗೆ ನಾನು ಮಕ್ಕಳಿಗೆ ಪಾಠ ಹೇಳಲು ಬಂದವಳು. ನಮ್ಮ ಓಣಿಯಲ್ಲಿ ಟ್ರೇನಿಂಗ್ ಮುಗಿಸಿದ ಮೊದಲ ಹುಡುಗಿ. ವರ್ಷದೊಳಗೆ ಗಂಟುಮೂಟೆ ಕಟ್ಟಿಕೊಂಡು ಬರುತ್ತಾಳೆ ನೋಡಿ ಎಂದು ಅಪ್ಪ ಊರಿಗೆಲ್ಲ ಹೇಳಿಟ್ಟಿದ್ದ. ಅವನ ಮಾತು ನಿಜವಾಗಬಾರದು ಎಂಬುದೊಂದೇ ನನ್ನ ಹಟ.

ಶಾಲೆಗೆ ಪಾಯಖಾನೆ ಇರಲಿಲ್ಲ. ನಮ್ಮೂರಿನಲ್ಲೂ ಇಲ್ಲ ಬಿಡಿ. ಆದರೆ ಅಲ್ಲಿ ನಸುಕಿನಲ್ಲಿ ತಂಬಿಗೆ ಹಿಡಿದು ಹೆಂಗಸರೆಲ್ಲ ಹರಟುತ್ತ ಹೋಗುತ್ತಿದ್ದೆವು. ಮರೆಗೆ ಕತ್ತಲೆ ಸಾಕಾಗುತ್ತಿತ್ತು. ಇಲ್ಲಿ ಹಾಡಹಗಲಲ್ಲೂ ಬೇಕಾದಷ್ಟು ಮರೆ, ಆದರೆ ಪ್ರತಿ ಪೊದೆಯಲ್ಲೂ ಇಂಬಳ. ಅದಕ್ಕೆ ನಾನು ಕಂಡುಕೊಂಡ ಉಪಾಯವೆಂದರೆ ಬೆಳಿಗ್ಗೆಯಿಂದ ಸಂಜೆಯವರೆಗೆ ನೀರನ್ನೇ ಮುಟ್ಟದಿರುವುದು. ಬಾವಿಯ ತಳ ಕೆರೆದು ನೀರು ಮೊಗೆಯುವ ಊರಿನವಳು, ಸೂರಿನಿಂದ ಹಗಲಿರುಳು ನೀರು ಸುರಿಯುವ ಊರಿಗೆ ಬಂದು ಬಾಯಾರಿ ಕೂತೆ.

ಮಳೆ ಬಲಿಯುವ ಹೊತ್ತಿಗೆ ಉರಿಮೂತ್ರ ಶುರುವಾಯಿತು. ಯಾರಿಗೆ ಹೇಳುವುದು? ಹೆಡ್ಮಾಸ್ತರರಿಗೆ ಹೇಳುವ ಮಾತೇ ಅದು? ನಾನು ಹೇಳದಿದ್ದರೂ ಚೌಡಮ್ಮನಿಗೆ ಗೊತ್ತಾಯಿತು. ನನ್ನ ಕೋಣೆಯ ಬಾಗಿಲಲ್ಲಿ ದಿನಾ ಇಡುತ್ತಿದ್ದ ತಂಬಿಗೆ ತುಂಬಿದ್ದು ತುಂಬಿದಂತೆಯೇ ಇರುವುದನ್ನು ಅವರು ಗಮನಿಸಿದ್ದರು.

"ಅಕ್ಕೋರೇ, ನೀರ್ ಕುಡೀದೆ ಇದ್ರೆ ಉರಿ ಬರ್ದೆ ಇನ್ನೇನ್ ಬರ್ತದೆ?" ಎಂದವರೇ ಒಳಗಿನಿಂದ ಒಂದು ಭರಣಿ ತಂದರು.

ಅದರಲ್ಲಿದ್ದದ್ದು ಮುರುಗಲು ಹಣ್ಣಿನ ಒಣಸಿಪ್ಪೆ, ಕಪ್ಪಗೆ ಚರ್ಮದಂತಿತ್ತು. ನೆನೆಸಿ ಹಿಂಡಿದರೆ ಮಾತ್ರ ದಾಸವಾಳದಂಥ ಕೆಂಪು ನೀರು. ನಮ್ಮೂರ ಮಡ್ಡಿಯ ಕುರುಚಲಿನಲ್ಲಿ ಬಿಡುವ ಕವಳಿ ಹಣ್ಣಿನ ಹುಳಿಗೆ ಬೆಲ್ಲ ಕಲಸಿದರೆ ಹೇಗೋ ಹಾಗೆ ಅದರ ರುಚಿ. ಒಡೆದ ಹಿಮ್ಮಡಿಗೆ ಅದರ ಬೀಜದ ತುಪ್ಪ, ಪಿತ್ತಕ್ಕೆ ಸಿಪ್ಪೆಯ ಪಾನಕ, ಊಟಕ್ಕೆ ಸಾರು, ಹೀಗೆ ಇಲ್ಲಿಯವರಿಗೆ ಅದಿಲ್ಲದೆ ದಿನ ಹೋಗುವುದಿಲ್ಲ. ಸಂಜೆಗೊಂದು ದೊಡ್ಡ ಲೋಟ ಕುಡಿಯುತ್ತ ಬಂದೆ. ವಾರದೊಳಗೆ ಉರಿ ಇಳಿಯಿತು.

ಇಳಿದದ್ದೇ ನನಗೆ ಬುದ್ಧಿ ಹೆಚ್ಚಾಯಿತು. ಒಂದು ಲೋಟಕ್ಕೆ ಇಷ್ಟು ಗುಣವಾದರೆ ಗಟ್ಟಿ ಮಾಡಿ ಕುಡಿದರೆ ಇನ್ನೆಷ್ಟು ಎಂದು, ಬೆಳಿಗ್ಗೆ ಬರೀ ಹೊಟ್ಟೆಗೆ ಸಿಪ್ಪೆಯ ಕಷಾಯ ಸುರಿದುಕೊಂಡು ಶಾಲೆಗೆ ಹೋದೆ. ಹಲ್ಲು ಚುಳ್ಳೆಂದಿತು, ಎದೆ ಉರಿಯಿತು. ಸಂಜೆಯವರೆಗೆ ನೀರು ಬಿಡುವ ವ್ರತವಂತೂ ಮುರಿಯಲಿಲ್ಲ. ಆ ವಾರವೇ ನಡುಕ ಹುಟ್ಟಿ ಜ್ವರ ಏರಿತು, ಸೊಂಟ ಹಿಡಿದುಕೊಂಡಿತು. ಕೆಂಪು ಪಾನಕವನ್ನೇ ಮತ್ತೆ ಕೇಳಿದೆ. ಇದು ತಮ್ಮ ಭರಣಿಗೆ ಬಗ್ಗುವ ಜ್ವರವಲ್ಲ ಎಂದು ಚೌಡಮ್ಮ ನನ್ನನ್ನು ಎಬ್ಬಿಸಿ ಸಾಗರದ ಬಸ್ಸು ಹತ್ತಿಸಿ ತಾವೂ ಹತ್ತಿದರು.

ಅಲ್ಲಿಯ ಡಾಕ್ಟರಮ್ಮ ಗುಳಿಗೆ ಕೊಟ್ಟು, ಸೋಂಕು ಮೇಲಕ್ಕೆ ಹತ್ತಿದೆ, ಇನ್ನೂ ತಡಮಾಡಿದ್ದರೆ ಮೂತ್ರಪಿಂಡಕ್ಕೆ ಅಪಾಯವಿತ್ತು ಎಂದರು. ಹಾಗಾದರೆ ಮುರುಗಲಿನಿಂದ ಮೊದಲು ಗುಣವಾಯಿತಲ್ಲ ಎಂದೆ.

"ಅದು ಹಣ್ಣಿನ ಗುಣವೋ, ಅದರ ಜೊತೆ ಹೊಟ್ಟೆಗೆ ಹೋದ ನೀರಿನ ಗುಣವೋ ನಾನು ಹೇಳಲಾರೆ. ಊಟದ ಮೇಲೆ ತೆಳ್ಳಗೆ ಕುಡಿಯಿರಿ, ಬೇಡ ಅನ್ನೋದಿಲ್ಲ. ಜ್ವರ ಬಂದಮೇಲೆ ಅದು ಔಷಧವಲ್ಲ. ಒಂದೋ ಹಗಲು ನೀರು ಕುಡಿಯಿರಿ, ಇಲ್ಲ ನೌಕರಿ ಬಿಟ್ಟು ಊರಿಗೆ ಹೋಗಿ."

ಬಸ್ಸಿನಲ್ಲಿ ಅಪ್ಪನ ಮುಖ ಕಣ್ಣಮುಂದೆ ಬಂದು ಅತ್ತೆ. ಮರುದಿನ ನಾನು ಮಲಗಿದ್ದಾಗ ಚೌಡಮ್ಮ ಕೇರಿಯ ನಾಲ್ಕಾರು ಹೆಂಗಸರನ್ನು ಕಟ್ಟಿಕೊಂಡು ಶಾಲೆಗೆ ಹೋದರಂತೆ. ಮೇಲಿನವರಿಗೆ ಬರೆದು ಕೇಳಬೇಕು ಎಂದ ಹೆಡ್ಮಾಸ್ತರರಿಗೆ, ನೀವು ಬರೆಯುತ್ತಿರಿ, ನಾವು ಕಟ್ಟುತ್ತಿರುತ್ತೇವೆ ಎಂದರಂತೆ. ನಾನು ಎದ್ದು ಹೋಗುವಷ್ಟರಲ್ಲಿ ಶಾಲೆಯ ಹಿಂದೆ ಗುಂಡಿ ತೋಡಿ, ಕಲ್ಲು ಹಾಸಿ, ಬಿದಿರು ತಟ್ಟಿಯ ಮರೆ ಕಟ್ಟಿ, ಸುತ್ತ ಇಂಬಳ ಬಾರದಂತೆ ಹುಲ್ಲು ಸವರಿ ಸುಣ್ಣ ಎರಚಿದ್ದರು. ದೊಡ್ಡ ತರಗತಿಯ ಹುಡುಗಿಯರು ನನಗಿಂತ ಮೊದಲೇ ಒಳಗೆ ಹೋದರು. ನನ್ನ ವ್ರತವನ್ನು ಅವರೂ ವರ್ಷಗಟ್ಟಲೆ ಹಿಡಿದಿದ್ದರೆಂದು ನನಗೆ ಆಗ ತಿಳಿಯಿತು.

ಬೇಸಿಗೆ ರಜೆಗೆ ಊರಿಗೆ ಹೋಗುವಾಗ ಅಪ್ಪನೆದುರು ತಲೆ ಎತ್ತಿಕೊಂಡೇ ಹೋದೆ. ನಾನು ಒಯ್ದಿದ್ದ ಮುರುಗಲು ಸಿಪ್ಪೆಯ ನೀರು ಕುಡಿದು ಅವ್ವ ಮುಖ ಕಿವುಚಿದಳು. ನಾನು ಮಾತ್ರ ತಂಬಿಗೆ ಮೇಲೆ ತಂಬಿಗೆ ನೀರು ಕುಡಿಯುವುದನ್ನು ನೋಡಿ, ದೂರದ ಬಾವಿಗೆ ಇನ್ನೊಂದು ಸಲ ಹೋಗಿಬಂದಳು. ಅವಳ ತಲೆಯ ಮೇಲಿನ ಕೊಡ ನೋಡಿ ನನಗೆ ನಾಚಿಕೆಯಾಯಿತು. ಚೌಡಮ್ಮನ ಕತೆಯನ್ನೆಲ್ಲ ಹೇಳಿದೆ.

ಹೊರಡುವ ದಿನ ಅವ್ವ ಗರಿಗರಿಯಾಗಿ ಒಣಗಿಸಿದ ಕಟಕ ರೊಟ್ಟಿಯ ಎರಡು ಗಂಟು ಕಟ್ಟಿದಳು. ಒಂದು ನನಗೆ.

"ಇನ್ನೊಂದು ಆಕಿಗೆ ಕೊಡು. ನನ್ನ ಮಗಳು ನಿನ್ನ ಕೈಯಾಗ ಅದಾಳ ಅಂತ ಅವ್ವ ಹೇಳ್ಯಾಳ ಅನ್ನು."

ಇಷ್ಟು ಸುಲಭವಾಗಿ ನನ್ನನ್ನು ಬಿಟ್ಟುಕೊಟ್ಟಳಲ್ಲ ಎಂದು ಬಸ್ಸಿನಲ್ಲಿ ಅಳು ಬಂತು. ಚೌಡಮ್ಮನಿಗೆ ಆ ರೊಟ್ಟಿ ಮುರಿದು ಪುಡಿಯಾಗುವ ಮೊದಲೇ ತಲುಪಿಸಬೇಕು ಎಂಬ ಹುಚ್ಚು ಆತುರವೂ ಅದೇ ಹೊತ್ತಿಗೆ ಬಂತು.