ಹಾಲ್‌ನಲ್ಲಿಲ್ಲದ ಪವರ್ ಪ್ಲಗ್

ತುರುವೇಕೆರೆಯಲ್ಲಿ ಅಕ್ಕ ತೀರಿಕೊಂಡ ದಿನ, ಬಳ್ಳಾರಿಯಿಂದ ಅವಳ ಮಗಳು ಬರುವವರೆಗೆ ದೇಹ ಕೆಡದಿರಲೆಂದು ತಿಪಟೂರಿನಿಂದ ಫ್ರೀಜರ್ ಪೆಟ್ಟಿಗೆ ತರಿಸಿದೆ. ಪೆಟ್ಟಿಗೆಯ ಜೊತೆ ಬಂದ ಡ್ರೈವರ್ ಅದರ ವೈರಿನ ದಪ್ಪ ಪಿನ್ನು ಹಿಡಿದು ಹಾಲ್‌ನ ಗೋಡೆಗಳನ್ನೆಲ್ಲ ಹುಡುಕಿದ.

"ಪವರ್ ಪ್ಲಗ್ ಎಲ್ಲೈತೆ ಸಾ?"

ಕೊಬ್ಬರಿಗೆ ಒಳ್ಳೆಯ ರೇಟು ಬಂದ ವರ್ಷ ಭಾವ ಕಟ್ಟಿಸಿದ ಮನೆ ಅದು. ಕೆನೆಬಣ್ಣದ ಗೋಡೆಗೆ ಹೊಂದುವ ಕೆನೆಬಣ್ಣದ ಪುಟ್ಟ ಸಾಕೆಟ್ಟುಗಳನ್ನು ಅಂಗಡಿಯಿಂದ ಅಂಗಡಿಗೆ ಅಲೆದು ತಂದಿದ್ದರು.

"ಇಲ್ಲಿ ಹಾಕ್ಸಿಲ್ಲ ಕಣಪ್ಪ. ಅಷ್ಟು ದೊಡ್ಡ ಪ್ಲಗ್ಗು ಗೋಡೆ ಮೇಲಿದ್ರೆ ಹಾಲ್ ಅಸಹ್ಯವಾಗಿ ಕಾಣ್ತದೆ," ಎಂದರು ಭಾವ, ಅಳುತ್ತಲೇ.

"ಪೆಟ್ಟಿಗೆಗೆ ಬೇಕಾಗಿರೋದು ಕರೆಂಟು ಸಾ, ಚೆಂದ ಅಲ್ಲ."

ಇದ್ದ ಒಂದೇ ಪವರ್ ಪ್ಲಗ್ ಅಡುಗೆಮನೆಯಲ್ಲಿತ್ತು. ಗ್ರೈಂಡರ್‌ಗೆಂದು ಅಕ್ಕ ಜಗಳವಾಡಿ ಹಾಕಿಸಿಕೊಂಡದ್ದು. ಅಲ್ಲಿಂದ ಹಾಲ್‌ಗೆ ವೈರು ಎಳೆಯೋಣ ಎಂದೆ.

"ಬಂದೋರು ಏನಂದ್ಕೊಂತಾರೆ ಮೇಷ್ಟ್ರೇ, ನಡುಮನೇಲಿ ವೈರು ಬಿದ್ದಿದ್ರೆ?" ಎಂದರು ಭಾವ. ಶಾಲೆಯಲ್ಲಿ ಪಾಠ ಹೇಳುವ ನನ್ನನ್ನು ಅವರು ಕರೆಯುವುದೇ ಹಾಗೆ.

ಅಕ್ಕನನ್ನು ಅಡುಗೆಮನೆಯಲ್ಲೇ ಮಲಗಿಸಿದೆವು. ಬಂದವರಿಗೆಲ್ಲ ನಾನು ದಾರಿ ತೋರಿಸಬೇಕಾಯಿತು. ಬೆಳಗ್ಗೆ ಬಂದ ಮಗಳು ಮಾತ್ರ ಅಮ್ಮ ಎಲ್ಲಿ ಎಂದು ಯಾರನ್ನೂ ಕೇಳದೆ ನೇರವಾಗಿ ಅಡುಗೆಮನೆಗೆ ಹೋದಳು. ಹಾಲ್‌ನ ಗೋಡೆ ಅವಳ ಕಣ್ಣಿಗೆ ಬಿದ್ದಂತೆ ಕಾಣಲಿಲ್ಲ.